ಪರೇಲಿಗೆ ಹೊರಟ ಇಂಗ್ಲಿಷ್ ಮೇಷ್ಟರಿಗೆ

ಪರದೇಶದಲ್ಲಿ ನೆಲಸಿ, ವರ್ಷಕ್ಕೊಮ್ಮೆ ಒಂದು ತಿಂಗಳ ಬಿಡುವು ಪಡೆದು ತಾಯ್ನಾಡಿಗೆ ಬರುವ ಕನ್ನಡಿಗರಲ್ಲಿ, ಆ ಬಿಡುವನ್ನು ಬಂಧುಗಳ ಮನೆಯ ಔತಣಗಳಲ್ಲಿಯೇ ಕಳೆದುಬಿಡದೆ ಯಾವುದಾದರೊಂದು ಉಪಯುಕ್ತ ಕಾರ್ಯಕ್ಕೆ ವಿನಿಯೋಗಿಸಬೇಕೆಂದು ಬಯಸುವವರು ಇಲ್ಲದಿಲ್ಲ. ಅವರಲ್ಲಿ ಕೆಲವರು, ತಮಗೆ ಕರಗತವಾಗಿರುವ ಇಂಗ್ಲಿಷ್ ಮಾತನ್ನು ದೃಷ್ಟಿಯಿಲ್ಲದ ಮಕ್ಕಳಿಗೆ ಕಲಿಸಿಬರೋಣವೆಂದು ಮುಂಬಯಿಯ ಕಡೆಗೆ ಮುಖಮಾಡುತ್ತಾರೆ. ಬೆಂಗಳೂರು ಧಾರವಾಡಗಳ ನಿವೃತ್ತ ಉಪಾಧ್ಯಾಯರಿಗೂ ಈ ಹಂಬಲ ಅಪರೂಪವೇನಲ್ಲ. ಉಭಯತರಿಗೂ ಪ್ರಯೋಜನವಾಗಲೆಂದು ಈ ನಾಲ್ಕು ಮಾತುಗಳನ್ನು ಬರೆದಿದ್ದೇನೆ. ಮುಂಬಯಿಯ ಪರೇಲ್ ಪೇಟೆಯನ್ನೇ ಕೇಂದ್ರವಾಗಿ ಇಟ್ಟುಕೊಂಡುದಕ್ಕೆ ಕಾರಣ ಸರಳವಾದುದು: ಅಲ್ಲಿಂದ ಉತ್ತರಕ್ಕೆ ದಾದರ್, ಪಶ್ಚಿಮಕ್ಕೆ ವರ್ಲಿ, ದಕ್ಷಿಣಕ್ಕೆ ತಾಡದೇವ್, ಈ ಮೂರು ದಿಕ್ಕುಗಳಲ್ಲಿಯೂ ಅಂಧ ವಿದ್ಯಾರ್ಥಿಗಳ ಶಾಲೆಗಳಿವೆ, ಯಾವುದೂ ದೂರವಲ್ಲ.

ಇವುಗಳಲ್ಲಿ ಎಲ್ಲಕ್ಕೂ ಹಳೆಯದು ದಾದರಿನದು. ಪಶ್ಚಿಮ ಭಾರತವನ್ನೆಲ್ಲ ಕ್ಷಾಮವು ಹಣ್ಣುಮಾಡಿದ 1900ನೆಯ ಇಸವಿಯಲ್ಲಿ ಅಮೆರಿಕನ್ ಮರಾಠಿ ಮಿಷನ್ನಿನ ಆನ್ನಾ ಮಿಲ್ಲರ್ಡ್ ಎಂಬ ಮಹಿಳೆ ಆರಂಭಿಸಿದ ಆ ಶಾಲೆಯು ಇಂದು ಶ್ರೀಮತಿ ಕಮಲಾ ಮೆಹತಾ ದಾದರ್ ಅಂಧ ಶಾಲೆಯೆಂಬ ಹೆಸರಿನಿಂದ ಹೆಣ್ಣುಮಕ್ಕಳ ವಸತಿಶಾಲೆಯಾಗಿ ನಡೆಯುತ್ತಿದೆ. ನಮ್ಮ ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ತೆರೆದದ್ದು 1901ರಲ್ಲಿ; ಎರಡಕ್ಕೂ ಒಂದೇ ವರ್ಷದ ಅಂತರ. ದಾದರಿನ ಶಾಲೆಯಿರುವ ಬೀದಿಗೆ ದಾದಾಸಾಹೇಬ ಫಾಳ್ಕೆಯವರ, ಎಂದರೆ 1913ರಲ್ಲಿ ತೆರೆಕಂಡ ‘ರಾಜಾ ಹರಿಶ್ಚಂದ್ರ’ದ ನಿರ್ಮಾಪಕರ, ಹೆಸರನ್ನಿಟ್ಟಿದೆ. ಚಲಚ್ಚಿತ್ರದ ಬೀದಿಯಲ್ಲಿ ಕಣ್ಣಿಲ್ಲದವರ ಶಾಲೆಯೆಂಬ ಈ ಯೋಗಾಯೋಗವನ್ನು ಕುರಿತು ಚಮತ್ಕಾರದ ಮಾತಾಡುವುದು ಬಹು ಸುಲಭ. ಅಲ್ಲಿಯ ಹುಡುಗಿಯರು ಅದನ್ನು ಬೇಕಾದಷ್ಟು ಸಲ ಕೇಳಿರುವುದರಿಂದ ತಾವು ಹೊಸದಾಗಿ ಹೇಳಬೇಕಾದ ಅಗತ್ಯವಿಲ್ಲ. ವರ್ಲಿಯಲ್ಲಿ ಹುಡುಗರಿಗಾಗಿ ಹ್ಯಾಪಿ ಹೋಮ್ ಶಾಲೆಯಿದೆ. 1952ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಂಧರ ಸಂಘದ ಕೇಂದ್ರವೂ ಅಲ್ಲಿಯೇ, ಕಡಲ ದಂಡೆಯಲ್ಲಿ. ತಾಡದೇವಿನದು ವಿಕ್ಟೋರಿಯಾ ಸ್ಮಾರಕ ಶಾಲೆ. ಕಾಲೇಜು ಓದುವ ಹಿರಿಯ ವಿದ್ಯಾರ್ಥಿಗಳ ಸಹವಾಸ ಬೇಕೆನಿಸಿದರೆ ಧೋಬಿ ತಲಾವಿನ ಸಂತ ಝೇವಿಯರ್ ಕಾಲೇಜಿನಲ್ಲಿ 2003ರಿಂದ ನಡೆಯುತ್ತಿರುವ ಸಂಪನ್ಮೂಲ ಕೇಂದ್ರವನ್ನು ವಿಚಾರಿಸಬಹುದು.

ವಿಚಾರಿಸುವುದೆಂದರೆ ಪತ್ರ ಬರೆದು ವಿಚಾರಿಸುವುದು. ಬಾಗಿಲ ಬಳಿ ಹೋಗಿ ನಿಂತು, ‘ಸೇವೆ ಮಾಡಲು ಬಂದಿದ್ದೇನೆ’ ಎನ್ನುವವರನ್ನು ಒಳಗೆ ಬಿಟ್ಟುಕೊಳ್ಳುವ ಶಾಲೆ ಯಾವುದೋ ಅದು ಮಕ್ಕಳನ್ನು ಒಪ್ಪಿಸತಕ್ಕ ಶಾಲೆಯಲ್ಲ. ಗುರುತಿನ ಚೀಟಿ, ಇಬ್ಬರು ಬಲ್ಲವರ ಶಿಫಾರಸು, ಪೋಲೀಸರ ಪರಿಶೀಲನಾ ಪತ್ರ ಇವುಗಳನ್ನು ಕೇಳಿದರೆ ಅವಮಾನವೆಂದೆಣಿಸದೆ ಒದಗಿಸತಕ್ಕದ್ದು. ಮಕ್ಕಳ ರಕ್ಷಣೆಗಾಗಿ 2012ರಲ್ಲಿ ಶಾಸನವಾದಂದಿನಿಂದ ಶಾಲೆಗಳ ಮೇಲಿನ ಹೊಣೆ ಕಡಿಮೆಯದಲ್ಲ. ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಗಂಡಸರಿಗೆ ತರಗತಿಯ ಕೋಣೆಯಿಂದ ಆಚೆಗೆ ಪ್ರವೇಶ ಇರಲಾರದು. ಇದ್ದರೂ ಬಯಸದಿರುವುದು ಉಚಿತವು. ಪರದೇಶದ ಪೌರತ್ವ ಪಡೆದವರು ಇನ್ನೊಂದನ್ನು ಗಮನಿಸಬೇಕು. ಸಾಗರೋತ್ತರ ಪೌರತ್ವದ ಚೀಟಿಯುಳ್ಳವರಿಗೆ ಬರಹೋಗಲು ವೀಸಾ ಬೇಡ. ಆದರೆ ಜೊತೆಗೆ ಬರುವ ಅನ್ಯದೇಶೀಯ ಸ್ನೇಹಿತರಿಗೆ ಇ-ಪ್ರವಾಸಿ ವೀಸಾದ ಮೇಲೆ ಸ್ವಯಂಸೇವೆ ಮಾಡಲು ಇರುವ ಅವಕಾಶ ಒಂದು ತಿಂಗಳಿಗೆ ಮೀರದ್ದು, ಅದೂ ಯಾವ ವಿಧದ ಪ್ರತಿಫಲವನ್ನೂ ಪಡೆಯದೆ. ಟಿಕೆಟ್ಟು ಕೊಳ್ಳುವ ಮುನ್ನ ಈ ನಿಯಮವನ್ನು ಸರ್ಕಾರದ ಪ್ರಕಟಣೆಯಲ್ಲಿ ಇನ್ನೊಮ್ಮೆ ಓದಿಕೊಳ್ಳಿರಿ.

ಕಾಲದ ಆಯ್ಕೆಯಲ್ಲಿ ವಿವೇಕ ಬೇಕು. ಜೂನಿನಲ್ಲಿ ಶಾಲೆ ತೆರೆಯುವುದೇನೋ ನಿಜವೇ. ಆದರೆ ಅದರೊಡನೆಯೇ ಮಳೆಗಾಲವೂ ತೆರೆಯುತ್ತದೆ, ಪರೇಲಿನಿಂದ ದಾದರಿಗೆ ಹೋಗುವ ದಾರಿಯಲ್ಲಿರುವ ಹಿಂದ್‌ಮಾತಾ ಎಂಬ ಕೂಡುರಸ್ತೆಯೋ ಒಂದು ಜೋರು ಮಳೆಗೆ ಕೆರೆಯಾಗುವುದಕ್ಕೆ ಪ್ರಸಿದ್ಧವಾದುದು. ಅನಂತರ ಗಣೇಶೋತ್ಸವ. ಪಕ್ಕದ ಲಾಲ್‌ಬಾಗಿನಲ್ಲಿ 1934ರಿಂದ ಕೂರಿಸುತ್ತ ಬಂದ ಗಣಪತಿಯ ದರ್ಶನಕ್ಕೆ ಊರಿಗೆ ಊರೇ ಕವಿದು ಬೀಳುವ ಆ ದಿನಗಳಲ್ಲಿ, ಧ್ವನಿವರ್ಧಕಗಳ ಭೋರ್ಗರೆತದ ನಡುವೆ, ಕಿವಿಯನ್ನೇ ನಂಬಿದ ವಿದ್ಯೆಯನ್ನು ಕಲಿಸಲು ಹೊರಡುವುದು ವ್ಯರ್ಥ ಪ್ರಯಾಸ. ದೀಪಾವಳಿಗೆ ಮಕ್ಕಳು ತಂತಮ್ಮ ಊರುಗಳಿಗೆ ತೆರಳುತ್ತಾರೆ. ಹಬ್ಬ ಮುಗಿದು ಶಾಲೆ ಮರಳಿ ತೆರೆದ ಮೇಲೆ, ನವೆಂಬರಿನ ಕಡೆಯ ವಾರದಿಂದ ಫೆಬ್ರುವರಿಯವರೆಗೆ, ಹವೆಯೂ ಹಿತ, ಪರೀಕ್ಷೆಯ ಆತಂಕವೂ ದೂರ. ಹೋಗುವುದಾದರೆ ಆಗ.

ಕರ್ನಾಟಕದಿಂದ ಹೊರಡುವವರು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ದಾದರಿನಲ್ಲಿಯೇ ಇಳಿಯಬಹುದು. ಕರಾವಳಿಯವರಿಗೆ ಮತ್ಸ್ಯಗಂಧವು ಕುರ್ಲಾ ಟರ್ಮಿನಸ್ಸಿಗೆ ತಂದುಬಿಡುತ್ತದೆ. ಪರೇಲ್ ನಿಲ್ದಾಣವು ಮಧ್ಯ ರೈಲ್ವೆಯದು. ಅದಕ್ಕೆ ಹೊಂದಿಕೊಂಡಿರುವ ಪಶ್ಚಿಮ ರೈಲ್ವೆಯ ನಿಲ್ದಾಣದ ಹೆಸರು 2018ರವರೆಗೆ ಎಲ್ಫಿನ್‌ಸ್ಟನ್ ರೋಡ್, ಈಗ ಪ್ರಭಾದೇವಿ. ಇವೆರಡರ ನಡುವಣ ಪಾದಚಾರಿ ಸೇತುವೆಯ ಮೇಲೆಯೇ 2017ರ ಸೆಪ್ಟೆಂಬರ್ 29ರ ಮಳೆಯ ಬೆಳಗಿನಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ ಇಪ್ಪತ್ತಕ್ಕೂ ಮಿಕ್ಕಿ ಜನ ಮಡಿದುದು. ಅನಂತರ ಸೈನ್ಯದವರು ಬಂದು ಹೊಸ ಸೇತುವೆ ಕಟ್ಟಿದರು. ಬೆಳಗಿನ ಒಂಬತ್ತು ಹತ್ತರ ವೇಳೆಯಲ್ಲಿ ಹೊಸಬರು ಅಲ್ಲಿ ಅವಸರಪಡದಿರುವುದು ಲೇಸು. ವಸತಿಯನ್ನು ಮಾತ್ರ ಪರೇಲಿನಲ್ಲಿ ಹುಡುಕಬೇಡಿರಿ. ಕೆ.ಇ.ಎಂ., ಟಾಟಾ ಸ್ಮಾರಕ, ವಾಡಿಯಾ ಮೊದಲಾದ ಆಸ್ಪತ್ರೆಗಳು ಒಂದೇ ಕಡೆ ನೆರೆದಿರುವ ಈ ಪೇಟೆಯಲ್ಲಿ, ದೇಶದ ಮೂಲೆಮೂಲೆಗಳಿಂದ ಬಂದ ರೋಗಿಗಳ ಬಂಧುಗಳು ಕಾಲುದಾರಿಯ ಮೇಲೆ ಮಲಗಿರುವಾಗ, ಒಂದು ಅಗ್ಗದ ಕೋಣೆಯನ್ನು ಅವರಿಂದ ಕಿತ್ತುಕೊಂಡು ಸೇವೆಗೆ ಹೊರಡುವುದರಲ್ಲಿ ಅರ್ಥವಿಲ್ಲ. ಮಾಟುಂಗಾ ಮೇಲು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಅಲ್ಲಿದೆ. ನಿಲ್ದಾಣದ ಎದುರಿಗೇ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಲೆಯ ಊಟವಿದೆ. ಸಂಜೆ ಬೀದಿಯಲ್ಲಿ ಕನ್ನಡ ಕಿವಿಗೆ ಬೀಳುತ್ತದೆ.

ಇನ್ನು ಪಾಠದ ವಿಷಯ. ಈ ಮಕ್ಕಳಿಗೆ ಇಂಗ್ಲಿಷ್ ಬಾರದೆಂದು ತಿಳಿದು ಹೊರಡುವುದು ಮೊದಲನೆಯ ತಪ್ಪು. ಶಾಲೆಯಲ್ಲಿ ಪಾಠವಾಗುತ್ತದೆ, ಬ್ರೈಲ್ ಪುಸ್ತಕಗಳಿವೆ, ರೇಡಿಯೋವಿದೆ, ಮಾತನಾಡುವ ಫೋನುಗಳಿವೆ. ವ್ಯಾಕರಣದಲ್ಲಿ ನಿಮ್ಮನ್ನೇ ತಿದ್ದಬಲ್ಲ ಹುಡುಗಿ ಮೂರನೆಯ ಬೆಂಚಿನಲ್ಲಿ ಕುಳಿತಿರುತ್ತಾಳೆ. ಇಲ್ಲದ್ದು ಒಂದೇ: ಅಪರಿಚಿತರು. ವಸತಿಶಾಲೆಯ ಮಗುವಿನ ಕಿವಿಗೆ ಬೀಳುವ ಇಂಗ್ಲಿಷೆಲ್ಲ ಪರಿಚಿತ ಕಂಠಗಳದು, ಗುರುಗಳದು, ಗೆಳತಿಯರದು, ಯಂತ್ರದ್ದು; ಆದರೆ ನಾಳೆ ಆ ಭಾಷೆಯನ್ನು ಆಕೆ ಉಪಯೋಗಿಸಬೇಕಾದದ್ದು ಬ್ಯಾಂಕಿನ ಗುಮಾಸ್ತನೊಡನೆ, ಸಂದರ್ಶನಕ್ಕೆ ಕರೆದ ಅಧಿಕಾರಿಯೊಡನೆ, ದೂರವಾಣಿಯ ಆ ತುದಿಯ ಅಜ್ಞಾತನೊಡನೆ. ಎದುರಿಗಿರುವವನ ಮುಖಭಾವವನ್ನು ಓದಿ ಮಾತನ್ನು ತಿದ್ದಿಕೊಳ್ಳುವ ಸೌಕರ್ಯ ಆಕೆಗಿಲ್ಲದ ಕಾರಣ, ಹೊಸ ಕಂಠ, ಹೊಸ ಉಚ್ಚಾರ, ಹೊಸ ವೇಗ ಇವುಗಳಿಗೆ ಕಿವಿ ಹದಗೊಂಡಿರಬೇಕಾದುದು ಅತ್ಯಗತ್ಯ. ಆದುದರಿಂದ ನೀವು ಪರಿಣತ ಶಿಕ್ಷಕರಲ್ಲವೆಂದು ಸಂಕೋಚಪಡಬೇಕಾದುದಿಲ್ಲ. ಅಪರಿಚಿತರಾಗಿರುವುದೇ ನಿಮ್ಮ ಅರ್ಹತೆ. ಒಂದು ತಿಂಗಳು ಸಾಕೆನ್ನುವುದೂ ಅದರಿಂದಲೇ. ಎರಡನೆಯ ತಿಂಗಳಿಗೆ ನೀವೂ ಪರಿಚಿತರಾಗಿಬಿಡುತ್ತೀರಿ.

ಹೋಗುವ ಮೊದಲು ಬ್ರೈಲ್ ಲಿಪಿಯ ಪರಿಚಯವನ್ನು ಒಂದಿಷ್ಟು ಮಾಡಿಕೊಳ್ಳುವುದು ಸೌಜನ್ಯ, ಅಷ್ಟೇ ಅಲ್ಲ, ಕನ್ನಡಿಗನಿಗೆ ಅದರಲ್ಲಿ ಒಂದು ಸ್ವಾರಸ್ಯವೂ ಕಾದಿದೆ. ಫ್ರಾನ್ಸಿನ ಲೂಯಿ ಬ್ರೈಲ್ ಕಲ್ಪಿಸಿದ ಆರು ಚುಕ್ಕೆಗಳ ಪದ್ಧತಿಯನ್ನು ನಮ್ಮ ದೇಶದ ಭಾಷೆಗಳಿಗೆಲ್ಲ ಏಕರೂಪವಾಗಿ ಅಳವಡಿಸಿ ಭಾರತಿ ಬ್ರೈಲ್ ಎಂಬ ಹೆಸರಿನಿಂದ ಅಂಗೀಕರಿಸಿದ್ದು 1951ರಲ್ಲಿ. ಅದರ ಪ್ರಕಾರ ಎಡಸಾಲಿನ ಮೇಲಿನ ಚುಕ್ಕೆ, ಕೆಳಗಿನ ಚುಕ್ಕೆ, ಇವೆರಡೇ ಉಬ್ಬಿದ್ದರೆ ಅದು ಕನ್ನಡದ ಕಕಾರ; ಮರಾಠಿಯ ಕಕಾರವೂ ಅದೇ; ಇಂಗ್ಲಿಷಿನ ‘ಕೆ’ ಅಕ್ಷರವೂ ಅದೇ. ಮ, ನ, ಲ, ಪ, ಸ ಮುಂತಾದುವುಗಳೂ ಹೀಗೆಯೇ. ಕಣ್ಣಿಗೆ ಮೂರು ಲಿಪಿಗಳಾಗಿ ತೋರುವುದು ಬೆರಳ ತುದಿಗೆ ಒಂದೇ ಲಿಪಿ. ಗಡಿಯ ಊರುಗಳ ಫಲಕದ ಲಿಪಿಗಾಗಿ ಜಗಳವಾಡುವ ನಾವೂ ಮರಾಠಿಗರೂ ಒಮ್ಮೆ ಬೆರಳಿಟ್ಟು ನೋಡಬೇಕಾದ ಸಂಗತಿಯಿದು. ಹಲಗೆಯ ಮೇಲೆ ಕಾಗದವನ್ನಿಟ್ಟು ಮೊಳೆಯಿಂದ ಒತ್ತಿ ಬರೆಯುವಾಗ ಮಗು ಬಲದಿಂದ ಎಡಕ್ಕೆ ಬರೆಯುತ್ತದೆ, ಕಾಗದವನ್ನು ಮಗುಚಿ ಎಡದಿಂದ ಬಲಕ್ಕೆ ಓದುತ್ತದೆ. ಒಂದು ಗಂಟೆಕಾಲ ಇದನ್ನು ನೀವೇ ಪ್ರಯತ್ನಿಸಿದರೆ ಯಾರು ಯಾರಿಗೆ ಕಲಿಸಲು ಹೊರಟದ್ದೆಂಬ ಪ್ರಶ್ನೆ ತಾನಾಗಿ ಏಳುತ್ತದೆ.

ತರಗತಿಯಲ್ಲಿ ನಮ್ಮ ಅರ್ಧ ಮಾತು ಕೈಯಲ್ಲಿರುತ್ತದೆಂಬುದು ಮೊದಲ ದಿನವೇ ಗೊತ್ತಾಗುವುದು. ‘ಇಲ್ಲಿ ನೋಡಿ’, ‘ಇಷ್ಟು ದೊಡ್ಡದು’, ‘ಅದೋ ಅಲ್ಲಿ’ ಎಂಬ ಸನ್ನೆಯ ಮಾತುಗಳೆಲ್ಲ ಗಾಳಿಗೆ ಹೋಗುತ್ತವೆ. ಹಾಗೆಂದು ‘ನೋಡು’ ಎಂಬ ಶಬ್ದಕ್ಕೆ ಹೆದರಬೇಕಾಗಿಲ್ಲ. ‘ನಿನ್ನೆ ಸಿನಿಮಾ ನೋಡಿದೆ’ ಎಂದು ಅವರೇ ಹೇಳುತ್ತಾರೆ. ಕೋಣೆಗೆ ಬಂದೊಡನೆ ಹೆಸರು ಹೇಳಿರಿ, ಹೋಗುವಾಗ ಹೋಗುತ್ತೇನೆಂದು ಹೇಳಿರಿ. ಖಾಲಿ ಕುರ್ಚಿಯೊಡನೆ ಮಾತಾಡುವಂತೆ ಒಂದು ಮಗುವನ್ನು ಬಿಟ್ಟುಹೋಗುವುದು ಅಸಭ್ಯತೆ. ‘ನಾನು ಯಾರು ಹೇಳು’ ಎಂಬ ಆಟವಂತೂ ಬೇಡವೇ ಬೇಡ. ಚಿತ್ರಪಟಗಳ ಬದಲು ಪದಾರ್ಥಗಳನ್ನು ಒಯ್ಯಿರಿ: ಬೀಗ, ನಿಂಬೆಹಣ್ಣು, ಹುಣಿಸೆಯ ಕೋಡು, ದಾದರಿನ ಹೂವಿನ ಪೇಟೆಯಿಂದ ಒಂದು ಮೊಳ ಸೇವಂತಿಗೆ. ಒಂದು ಬೀಗವನ್ನು ಕೈಯಿಂದ ಕೈಗೆ ದಾಟಿಸುತ್ತ, ಅದರ ಭಾರ, ತಂಪು, ಸದ್ದು, ತುಕ್ಕು ಇವುಗಳನ್ನು ಇಂಗ್ಲಿಷಿನಲ್ಲಿ ಹೇಳಿಸಿದರೆ ಮುಕ್ಕಾಲು ಗಂಟೆ ಸರಿದದ್ದೇ ತಿಳಿಯುವುದಿಲ್ಲ. ಉಚ್ಚಾರಣೆಯಲ್ಲಿ ತುಟಿಯನ್ನು ತೋರಿಸಿ ಕಲಿಸುವ ದಾರಿ ಮುಚ್ಚಿರುವುದರಿಂದ ಉಸಿರನ್ನು ಹಿಡಿಯಬೇಕು: ಮಗು ತನ್ನ ಅಂಗೈಯನ್ನೇ ತನ್ನ ಬಾಯಿಯ ಮುಂದೆ ಹಿಡಿದು ‘ಪೆನ್’ ಎಂದಾಗ ತಾಗುವ ಗಾಳಿಯನ್ನೂ ‘ಬೆನ್’ ಎಂದಾಗ ತಾಗುವ ಗಾಳಿಯನ್ನೂ ತಾನೇ ಹೋಲಿಸಿ ನೋಡಲಿ. ಈ ಸಂದರ್ಭದಲ್ಲಿ ನಮ್ಮ ದೋಷವನ್ನೂ ಒಪ್ಪಿಕೊಳ್ಳಬೇಕು. ಕನ್ನಡಿಗನ ನಾಲಗೆ ವ್ಯಂಜನದ ಕೊನೆಗೆ ಒಂದು ಉಕಾರವನ್ನು ಅಂಟಿಸದೆ ಬಿಡದು. ‘ಬಸ್ಸು’, ‘ಕಾರು’, ‘ಬುಕ್ಕು’ ಎಂಬ ನನ್ನ ಇಂಗ್ಲಿಷನ್ನು ಅಂಥ ಒಂದು ತರಗತಿಯು ಮೂರೇ ದಿನಗಳಲ್ಲಿ ಅಣಕಿಸಿ, ನಾನು ಬರುವ ಮುನ್ನವೇ ನನ್ನ ಪಾಠವನ್ನು ನನ್ನ ಧ್ವನಿಯಲ್ಲಿ ಒಪ್ಪಿಸುತ್ತಿತ್ತು.

ಮುಂಬಯಿಯ ಲೋಕಲ್ ರೈಲೂ ಒಂದು ಪಾಠಶಾಲೆಯೇ. ‘ಪುಢೀಲ್ ಸ್ಟೇಶನ್’, ‘ಅಗಲಾ ಸ್ಟೇಶನ್’, ‘ನೆಕ್ಸ್ಟ್ ಸ್ಟೇಶನ್’ ಎಂದು ಮೂರು ಭಾಷೆಗಳಲ್ಲಿ ಕೂಗುವ ಆ ಕಂಠವನ್ನು ಅನುಕರಿಸದ ಮಗುವಿಲ್ಲ. ಅಲ್ಲಿಂದ ಪಾಠವನ್ನಾರಂಭಿಸಿದರೆ ಸಂಕೋಚ ಕ್ಷಣದಲ್ಲಿ ಹರಿಯುತ್ತದೆ. ಹಿರಿಯ ವಿದ್ಯಾರ್ಥಿಗಳೊಡನೆ, ಶಾಲೆಯ ಅನುಮತಿ ಪಡೆದು, ಶಾಲೆಯವರೊಬ್ಬರ ಸಂಗಡವೇ ರೈಲು ಹತ್ತುವ ಸಂದರ್ಭ ಬಂದರೆ, ಅಂಗವಿಕಲರಿಗೂ ಕ್ಯಾನ್ಸರ್ ರೋಗಿಗಳಿಗೂ ಮೀಸಲಾದ ಡಬ್ಬಿ ನಿಲ್ಲುವ ಜಾಗದಲ್ಲಿ ಪ್ಲಾಟ್‌ಫಾರಮ್ಮಿನ ಮೇಲೆ ಬೀಪ್ ಬೀಪ್ ಎಂಬ ಸದ್ದು ಕೇಳುವುದನ್ನು ಅವರೇ ನಿಮಗೆ ತೋರಿಸಿಕೊಡುತ್ತಾರೆ. ಒಬ್ಬರೇ ಇರುವಾಗ ಆ ಡಬ್ಬಿಯನ್ನು ಹತ್ತಬೇಡಿರಿ. ನಡೆಯುವಾಗ ಮಗುವಿನ ಕೈ ಹಿಡಿದು ಎಳೆಯದೆ ನಿಮ್ಮ ಮೊಳಕೈಯನ್ನು ಕೊಡಿ. ಅವರು ಅರ್ಧ ಹೆಜ್ಜೆ ಹಿಂದೆ, ನೀವು ಅರ್ಧ ಹೆಜ್ಜೆ ಮುಂದೆ.

ನಮ್ಮವರಲ್ಲಿ ವಿಶೇಷವಾಗಿ ಕಾಣುವ ಒಂದು ಅಭ್ಯಾಸವನ್ನು ಇಲ್ಲಿ ಹೇಳದೆ ಇರಲಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ ಗಾಯಕರಾದ ಪಂಚಾಕ್ಷರ ಗವಾಯಿಗಳನ್ನೂ ಪುಟ್ಟರಾಜ ಗವಾಯಿಗಳನ್ನೂ ಕಂಡ ಪುಣ್ಯ ಕನ್ನಡನಾಡಿನದು. ಅದರ ಫಲವಾಗಿ ಅಂಧ ಮಗುವೊಂದನ್ನು ಕಂಡೊಡನೆ ‘ಒಂದು ಹಾಡು ಹೇಳಮ್ಮ’ ಎನ್ನುವುದು ನಮಗೆ ರೂಢಿಯಾಗಿಬಿಟ್ಟಿದೆ. ಎಲ್ಲರಿಗೂ ಸ್ವರಜ್ಞಾನವಿರುವುದಿಲ್ಲ, ಇದ್ದವರೆಲ್ಲ ಹಾಡಲು ಇಚ್ಛಿಸುವುದಿಲ್ಲ. ಲೆಕ್ಕವನ್ನು ಪ್ರೀತಿಸುವವರಿದ್ದಾರೆ, ಏನನ್ನೂ ಪ್ರೀತಿಸದ ಸೋಮಾರಿಗಳೂ ಯಥೇಚ್ಛವಾಗಿದ್ದಾರೆ. ಹಾಗೆಯೇ ಫೋಟೋ. ತನ್ನ ಚಿತ್ರವನ್ನು ತೆಗೆದದ್ದು ತನಗೆ ಕಾಣದ ಮಗುವಿನ ಚಿತ್ರವನ್ನು ತೆಗೆದು ಊರಿಗೆಲ್ಲ ಹಂಚುವುದನ್ನು ಸೇವೆಯೆಂದು ಕರೆಯಲು ನನ್ನಿಂದಾಗದು. ಸಿಹಿತಿಂಡಿ, ಉಡುಗೊರೆಗಳನ್ನು ಕೊಡುವುದಿದ್ದರೆ ಶಾಲೆಯ ಮುಖ್ಯಸ್ಥರ ಕೈಗೆ ಕೊಡಿ.

ಹಿಂತಿರುಗುವ ತಾರೀಖನ್ನು ಮೊದಲ ದಿನವೇ ತರಗತಿಗೆ ತಿಳಿಸಿರಿ, ಮುಂದಿನ ವರ್ಷ ಬರುತ್ತೇನೆಂದು ಖಾತ್ರಿಯಿಲ್ಲದೆ ನುಡಿಯಬೇಡಿರಿ. ಇಂಥ ಮಾತನ್ನು ಕೊಟ್ಟು ಹೋದವರ ಹೆಸರುಗಳ ಪಟ್ಟಿ ಮಕ್ಕಳ ಬಳಿ ಇರುತ್ತದೆ. ನವೆಂಬರಿನಲ್ಲಿ ಹೋಗಬೇಕೆಂದಿರುವವರು ಶಾಲೆಗೆ ಬರೆಯುವ ಪತ್ರವನ್ನು ಏಪ್ರಿಲ್ ತಿಂಗಳ ಮಧ್ಯದೊಳಗೆ ಅಂಚೆಗೆ ಹಾಕುವುದು. ಮೇ ತಿಂಗಳಲ್ಲಿ ಬೇಸಗೆಯ ರಜೆ. ಆಗ ಅದನ್ನು ತೆರೆದು ಓದುವವರು ಶಾಲೆಯಲ್ಲಿ ಇರುವುದಿಲ್ಲ.