ಕಾದಂಬರಿಯ ಮನಸ್ಸು, ಚಲಚ್ಚಿತ್ರದ ಮುಖ

ಚಲಚ್ಚಿತ್ರವನ್ನು ನೋಡುವುದು ಬರಿಯ ಕಾಲಹರಣವೆನ್ನುವ ಹಿರಿಯರು ನಮ್ಮ ಸೀಮೆಯಲ್ಲಿ ಇನ್ನೂ ಉಂಟು. ಅವರೊಡನೆ ನಾವು ವಾದಕ್ಕೆ ನಿಲ್ಲೆವು. ನೋಡುವುದಾದರೆ ವಿವೇಚಿಸಿ ನೋಡುವುದನ್ನು ಕಲಿಯಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ. ಅದಕ್ಕೆ ತಕ್ಕ ಪಾಠವೊಂದು ಮಂಡ್ಯದವರಿಗೆ ಹತ್ತಿರದಲ್ಲಿಯೇ ಇದೆ.

‘ತ್ರಿವೇಣಿ’ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಅನಸೂಯಾ ಶಂಕರ್ ಅವರು 1928ರಲ್ಲಿ ಮಂಡ್ಯದಲ್ಲಿ ಜನಿಸಿದರು. ಮನಶ್ಶಾಸ್ತ್ರವನ್ನು ವ್ಯಾಸಂಗಮಾಡಿದವರಾದುದರಿಂದ ಅವರ ಕಾದಂಬರಿಗಳಲ್ಲಿ ಹೊರಗಿನ ಘಟನೆಗಿಂತ ಹೆಣ್ಣಿನ ಒಳಗಿನ ತೊಳಲಾಟವೇ ಪ್ರಧಾನವಾಯಿತು. ಇಂತಹ ಕಥೆಯನ್ನು ತೆರೆಗೆ ತರುವುದು ಸುಲಭವಲ್ಲ. ಲೇಖನಿಯು ‘ಅವಳು ಹೀಗೆಂದುಕೊಂಡಳು’ ಎಂದು ಬರೆದರೆ ಮುಗಿಯಿತು. ಕ್ಯಾಮೆರಾಕ್ಕೆ ಮನಸ್ಸು ಕಾಣದು, ಮುಖ ಮಾತ್ರ ಕಾಣುವುದು.

ಪುಟ್ಟಣ್ಣ ಕಣಗಾಲರು 1967ರಲ್ಲಿ ‘ಬೆಳ್ಳಿಮೋಡ’ವನ್ನು ಚಿತ್ರಿಸಿದಾಗ ಈ ತೊಡಕನ್ನು ಬಿಡಿಸಿದ ಬಗೆ ಗಮನಾರ್ಹವಾದುದು. ಇಂದಿರೆಯು ತಂದೆಯ ಆಸ್ತಿಗೆ ಒಬ್ಬಳೇ ಹಕ್ಕುದಾರಳೆಂದು ನಂಬಿದ್ದ ಮೋಹನನು, ಆಕೆಗೆ ತಮ್ಮನು ಹುಟ್ಟಿದೊಡನೆ ವಿವಾಹದಿಂದ ಹಿಂಜರಿಯುತ್ತಾನೆ. ಮುಂದೆ ಅವನು ಗಾಯಗೊಂಡು ಮಲಗಿದಾಗ ಆಕೆಯೇ ಶುಶ್ರೂಷೆ ಮಾಡುತ್ತಾಳೆ. ಅವನು ಮರಳಿ ಕೈಹಿಡಿಯಬಯಸಿದರೆ ಒಲ್ಲೆನೆನ್ನುತ್ತಾಳೆ. ಕಪ್ಪುಬಿಳುಪಿನ ಆ ಚಿತ್ರದಲ್ಲಿ ಮಲೆನಾಡಿನ ಬೆಟ್ಟವೂ ಮೋಡವೂ ಬರಿಯ ಅಲಂಕಾರವಲ್ಲ. ಇಂದಿರೆ ಬಾಯಿಬಿಟ್ಟು ಹೇಳದುದನ್ನು ಅವು ಹೇಳುತ್ತವೆ. ಕಲ್ಪನಾ ಅವರ ಸಂಯಮದ ಅಭಿನಯವೂ ಇದಕ್ಕೆ ಒದಗಿಬಂದಿತು.

ಬಣ್ಣದಲ್ಲಿ ಬಂದ ‘ಶರಪಂಜರ’ದ ದಾರಿ ಬೇರೆ. ಬಾಣಂತಿತನದಲ್ಲಿ ಬುದ್ಧಿ ಕದಡಿದ ಕಾವೇರಿಯು ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಬರುತ್ತಾಳೆ. ಮನೆಯವರ ಕಣ್ಣಿಗೆ ಮಾತ್ರ ಅವಳು ಹುಚ್ಚಿಯೇ. ಅವಳ ನಗುವೂ ಸಂದೇಹ, ಸಿಟ್ಟೂ ಸಂದೇಹ. ಇಲ್ಲಿ ಪುಟ್ಟಣ್ಣನವರು ಕಲ್ಪನಾ ಅವರ ದನಿಯನ್ನು ಬಹಳ ಎತ್ತರಿಸಿದರೆಂದು ನಮಗೆ ತೋರುತ್ತದೆ. ಪುಸ್ತಕದ ಪಿಸುಮಾತು ತೆರೆಯ ಮೇಲೆ ಆರ್ತನಾದವಾಯಿತು.

ಇದು ದೋಷವೇ? ಹೌದೆಂದುಬಿಡಲು ನಮಗೆ ಮನಸ್ಸಾಗದು. ಜನಪ್ರಿಯ ಚಿತ್ರವು ಕಾದಂಬರಿ ಓದುವವರಿಗಾಗಿ ಮಾತ್ರ ಹುಟ್ಟಿದುದಲ್ಲವಷ್ಟೆ. ಮದ್ದೂರು ಮಳವಳ್ಳಿಗಳ ಕಡೆ ಡೇರೆಯ ಟಾಕೀಸಿನಲ್ಲಿ ನೆಲದ ಮೇಲೆ ಕುಳಿತು ಚಿತ್ರ ನೋಡುತ್ತಿದ್ದ, ಅಕ್ಷರ ಬಾರದ ತಾಯಂದಿರಿಗೂ ಅದು ಮುಟ್ಟಬೇಕು. ಬಾಣಂತಿಯ ಮನೋವ್ಯಾಧಿಯನ್ನು ದೆವ್ವದ ಕಾಟವೆಂದು ಬಗೆವವರ ನಡುವೆ, ಅದು ಗುಣವಾಗುವ ಕಾಯಿಲೆಯೆಂದು ಗಟ್ಟಿಯಾಗಿ ಹೇಳುವುದು ಅವಶ್ಯವಾಗಿದ್ದಿತು.

ತ್ರಿವೇಣಿಯವರು 1963ರಲ್ಲಿಯೇ ನಿಧನರಾದುದರಿಂದ ಈ ಎರಡು ಚಿತ್ರಗಳನ್ನೂ ನೋಡಲಿಲ್ಲ. ಆ ಎತ್ತರದ ದನಿಯನ್ನು ಅವರು ಒಪ್ಪುತ್ತಿದ್ದರೋ ಇಲ್ಲವೋ, ಕಾದಂಬರಿಯನ್ನೂ ಚಿತ್ರವನ್ನೂ ಜತೆಯಲ್ಲಿಟ್ಟು ನೋಡಿದ ಸೋದರಿಯರೇ ತೀರ್ಮಾನಿಸಲಿ.