ಕಟ್ಟೆ, ಚೈನ್ ಮತ್ತು 4 ಮಿಲಿಮೀಟರ್

ಮೊದಲೇ ಹೇಳಿಬಿಡ್ತೀವಿ, ಇಲ್ಲಿ ಹೆಡ್‌ಸೆಟ್ ಅಂದ್ರೆ ಕಿವಿಗೆ ಹಾಕೋದಲ್ಲ. ಸೈಕಲ್ಲಿನ ಹ್ಯಾಂಡಲ್ ತಿರುಗುವ ಜಾಗದಲ್ಲಿ, ಫ್ರೇಮಿನ ಮುಂದಿನ ಕೊಳವೆಯ ಮೇಲೊಂದು ಕೆಳಗೊಂದು ಬೇರಿಂಗ್ ಇರುತ್ತೆ. ಆ ಎರಡು ಬೇರಿಂಗ್ ಮತ್ತು ಅವುಗಳ ಸುತ್ತಲಿನ ಬಿಡಿಭಾಗಗಳು ಸೇರಿ ಹೆಡ್‌ಸೆಟ್. ಇನ್ನು ಟ್ರಯಲ್ಸ್ ಸೈಕಲ್ ಅಂದ್ರೆ ಕಲ್ಲು, ಮೆಟ್ಟಿಲು, ಗೋಡೆಗಳ ಮೇಲೆ ಕಾಲು ನೆಲಕ್ಕೆ ಊರದೆ ನೆಗೆಯೋಕೆ ಮಾಡಿದ ಸೈಕಲ್. ಬಹುತೇಕ ಅದಕ್ಕೆ ಸೀಟೇ ಇರೋಲ್ಲ. ಸ್ಕಾಟ್ಲೆಂಡಿನ ಡ್ಯಾನಿ ಮೆಕಾಸ್ಕಿಲ್ ಎಡಿನ್‌ಬರಾ ಬೀದಿಗಳಲ್ಲಿ ಓಡಿಸಿದ 2009ರ ವಿಡಿಯೋ ನೋಡಿದವರಿಗೆ ಗೊತ್ತಿರುತ್ತೆ. ನಾವೂ ಅದನ್ನು ನೋಡಿಯೇ ಹಾಳಾದವರು.

ನಾವು ನಾಲ್ಕು ಜನ ದುಡ್ಡು ಹಾಕಿ ಹಳೇ 26 ಇಂಚಿನ ಟ್ರಯಲ್ಸ್ ಸೈಕಲ್ ಒಂದನ್ನು ಕೊಂಡ್ವಿ. ಪೂರ್ತಿ ಬಿಚ್ಚಿ, ತೊಳೆದು, ನಾವೇ ಜೋಡಿಸಿದ್ವಿ. ಮೂರನೇ ದಿನ ಗೆಳೆಯನೊಬ್ಬ ಹಿಂದಿನ ಚಕ್ರದ ಮೇಲೆ ನಿಂತು, ಹಾಸ್ಟೆಲ್ ಹಿಂದಿನ ಕಟ್ಟೆಗೆ ನೆಗೆಯೋಕೆ ಪೆಡಲ್ ಒದ್ದ. ಚೈನ್ ಹಾರಿತು, ಪೆಡಲ್ ಖಾಲಿ ತಿರುಗಿತು, ಅವನ ಮೊಣಕಾಲು ಕಟ್ಟೆಯ ಅಂಚಿಗೆ ಹೋಗಿ ಬಡಿಯಿತು. ಆರು ಹೊಲಿಗೆ. ಜೋಡಿಸಿದವರು ನಾವೇ ಆದ್ದರಿಂದ ಬೈಯೋಕೆ ಬೇರೆ ಯಾರೂ ಇರ್ಲಿಲ್ಲ. ಅವನು ಹೇಳಿದ್ದು ಒಂದೇ ಮಾತು: ಯಾಕೆ ಹಾರಿತು ಅಂತ ಲೆಕ್ಕದಲ್ಲಿ ತೋರಿಸೋವರೆಗೆ ಇದನ್ನು ಹತ್ತೋಲ್ಲ.

ಮತ್ತೆ ಬಿಚ್ಚೋಕೆ ಕೂತಾಗ ಮೊದಲು ಸಿಕ್ಕಿದ್ದು ಹೆಡ್‌ಸೆಟ್ಟಿನ ತಪ್ಪು. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿದ್ರೆ ಟಿಕ್ ಟಿಕ್ ಅಂತಿತ್ತು. ಮೇಲಿನ ಮುಚ್ಚಳದ ಬೋಲ್ಟನ್ನು ಎಷ್ಟು ತಿರುಗಿಸಿದರೂ ಸಡಿಲ ಹೋಗ್ಲಿಲ್ಲ. ಕಾರಣ ಸಿಂಪಲ್. ನಾವು ಹ್ಯಾಂಡಲ್ ನೇರ ಮಾಡಿ ಸ್ಟೆಮ್ಮಿನ ಪಕ್ಕದ ಬೋಲ್ಟ್‌ಗಳನ್ನು ಮೊದಲು ಬಿಗಿ ಮಾಡಿದ್ವಿ. ಆಗ ಸ್ಟೆಮ್ಮು ಫೋರ್ಕಿನ ಕೊಳವೆಯನ್ನು ಹಿಡ್ಕೊಂಡು ಅಲ್ಲೇ ನಿಂತುಬಿಡುತ್ತೆ, ಮುಚ್ಚಳ ಒತ್ತಿದ್ದು ಬೇರಿಂಗ್ ತನಕ ತಲುಪೋದೇ ಇಲ್ಲ. ಮುಚ್ಚಳದ ಕೆಲಸ ಸಡಿಲ ತೆಗೆಯೋದು ಮಾತ್ರ, ಹಿಡಿದಿಡೋದು ಸ್ಟೆಮ್ಮಿನ ಕೆಲಸ. ಹಾಗಾಗಿ ಮೊದಲು ಮುಚ್ಚಳವನ್ನು ನಿಧಾನವಾಗಿ, ಟಿಕ್ ಶಬ್ದ ನಿಲ್ಲೋವರೆಗೆ ಮಾತ್ರ ಬಿಗಿ ಮಾಡ್ಬೇಕು. ಹ್ಯಾಂಡಲ್ ಸಲೀಸಾಗಿ ತಿರುಗ್ತಾ ಇದೆಯಾ ನೋಡಿ, ಆಮೇಲೆ ಸ್ಟೆಮ್ಮಿನ ಬೋಲ್ಟ್‌ಗಳು, ಒಂದಕ್ಕೆ ಸ್ವಲ್ಪ ಇನ್ನೊಂದಕ್ಕೆ ಸ್ವಲ್ಪ. ಇನ್ನೊಂದು ವಿಷಯ: ಕೊಳವೆಯ ತುದಿ ಸ್ಟೆಮ್ಮಿನ ಅಥವಾ ಅದರ ಮೇಲಿನ ಸ್ಪೇಸರ್‌ನ ಮೇಲ್ಭಾಗಕ್ಕಿಂತ ಸುಮಾರು 3 ಮಿ.ಮೀ. ಕೆಳಗಿರ್ಬೇಕು. ಸಮ ಇದ್ದರೆ ಮುಚ್ಚಳ ಕೊಳವೆಗೇ ತಾಗಿ ನಿಲ್ಲುತ್ತೆ.

ಫ್ರೇಮಿಗೆ ಬೇರಿಂಗ್ ಕಪ್‌ಗಳನ್ನು ಕೂರಿಸೋವಾಗ ಮಾತ್ರ ಸುತ್ತಿಗೆ ಬಳಸಲಿಲ್ಲ, ಅದು ನಮ್ಮ ಪುಣ್ಯ. ಉದ್ದದ ಎಳೆಯಿರುವ ರಾಡ್, ಎರಡು ನಟ್, ದಪ್ಪ ವಾಷರ್‌ಗಳು, ಸ್ವಲ್ಪ ಗ್ರೀಸ್ ಸಾಕು. ಒಂದು ಸಲಕ್ಕೆ ಒಂದೇ ಕಪ್. ವಾಷರ್ ಕಪ್ಪಿನ ಹೊರ ಅಂಚನ್ನು ಒತ್ತಬೇಕು, ಬೇರಿಂಗ್ ಕೂರೋ ಜಾಗವನ್ನಲ್ಲ. ವಾರೆ ಹೋಗ್ತಿದೆ ಅನ್ನಿಸಿದರೆ ಹೊರಗೆ ತೆಗೆದು ಮತ್ತೆ ಶುರು ಮಾಡಿ.

ಆದರೆ ಹೆಡ್‌ಸೆಟ್ ಸಡಿಲ ಇದ್ದಿದ್ದಕ್ಕೆ ಚೈನ್ ಹಾರೋಲ್ಲ. ಚೈನ್ ಸವೆದಿದೆಯಾ ಅಂತ ಸ್ಕೇಲ್ ಇಟ್ಟು ನೋಡಿದ್ವಿ, ಸರಿಯಾಗೇ ಇತ್ತು. ಉಳಿದಿದ್ದು ಚೈನ್‌ಲೈನ್.

ಫ್ರೇಮಿನ ನಟ್ಟನಡುವೆ ಉದ್ದಕ್ಕೂ ಒಂದು ತೆಳ್ಳನೆ ಗೋಡೆ ಇದೆ ಅಂದ್ಕೊಳ್ಳಿ. ಆ ಗೋಡೆಯಿಂದ ಮುಂದಿನ ಹಲ್ಲುಚಕ್ರದ ಮಧ್ಯಕ್ಕೆ ಇರೋ ದೂರ, ಹಿಂದಿನದರ ಮಧ್ಯಕ್ಕೆ ಇರೋ ದೂರ ಎರಡೂ ಒಂದೇ ಆಗಿರ್ಬೇಕು. ನಾವು ಬರೀ ಕಣ್ಣಲ್ಲಿ ನೋಡಿ ನೇರ ಇದೆ ಅಂದಿದ್ವಿ. ಈ ಸಲ ವರ್ನಿಯರ್ ತಂದ್ವಿ. ಅಳೆಯೋ ಮುಂಚೆ ಹಿಂದಿನ ಚಕ್ರ ಫ್ರೇಮಿನಲ್ಲಿ ನೇರ ಕೂತಿದೆಯಾ ನೋಡ್ಬೇಕು, ಇಲ್ಲದಿದ್ದರೆ ಅಳತೆಗೆ ಅರ್ಥ ಇಲ್ಲ. ಪೆಡಲ್ ಅಚ್ಚು ಕೂರೋ ಕೊಳವೆ 68 ಮಿ.ಮೀ. ಅಗಲ, ಅರ್ಧ 34. ಅದರ ಬಲ ಅಂಚಿಂದ ಹಲ್ಲಿನ ಮಧ್ಯಕ್ಕೆ 14.5. ಕೂಡಿದರೆ 48.5. ಹಿಂದಿನ ಹಬ್ 135 ಮಿ.ಮೀ., ಅರ್ಧ 67.5. ಫ್ರೇಮಿನ ಒಳಮುಖದಿಂದ ಹಲ್ಲಿನ ಮಧ್ಯಕ್ಕೆ 23. ಕಳೆದರೆ 44.5. ವ್ಯತ್ಯಾಸ 4 ಮಿ.ಮೀ.

4 ಮಿ.ಮೀ. ತಾನೇ ಅಂತ ನಮ್ಮಲ್ಲೇ ವಾದ ಆಯ್ತು. ಎರಡು ಅಚ್ಚುಗಳ ನಡುವೆ 380 ಮಿ.ಮೀ., ಅಂದ್ರೆ ಓರೆ ಬರೀ 0.6 ಡಿಗ್ರಿ. ಗೇರ್ ಸೈಕಲ್‌ನಲ್ಲಿ ಚೈನ್ ಇದಕ್ಕಿಂತ ಎಷ್ಟೋ ಓರೆಯಾಗಿ ಓಡುತ್ತೆ, ನಿಜ. ಆದರೆ ಅಲ್ಲಿ ಚೈನನ್ನು ಹಲ್ಲಿನ ಮುಂದೆ ತಂದು ನಿಲ್ಲಿಸೋಕೆ ಒಂದು ಪುಟ್ಟ ಗಾಲಿ ಇರುತ್ತೆ. ಇಲ್ಲಿ ಅಂಥದ್ದೇನೂ ಇಲ್ಲ.

ಆಮೇಲೆ ಮೊದಲ ಸೆಮಿಸ್ಟರಿನ ಮೆಕ್ಯಾನಿಕ್ಸ್ ನೆನಪಾಯ್ತು. 70 ಕೆ.ಜಿ. ಹುಡುಗ 170 ಮಿ.ಮೀ. ಉದ್ದದ ಕ್ರ್ಯಾಂಕಿನ ಮೇಲೆ ಪೂರ್ತಿ ನಿಂತರೆ ಟಾರ್ಕ್ ಸುಮಾರು 117 ನ್ಯೂಟನ್ ಮೀಟರ್. ನಮ್ಮ ಮುಂದಿನ ಚಕ್ರಕ್ಕೆ 18 ಹಲ್ಲು, ತ್ರಿಜ್ಯ 36.6 ಮಿ.ಮೀ. ಭಾಗಿಸಿದರೆ ಚೈನಿನ ಎಳೆತ ಸುಮಾರು 3,200 ನ್ಯೂಟನ್, ಅಂದ್ರೆ ಮೂರು ಕ್ವಿಂಟಾಲ್ ಚಿಲ್ಲರೆ ತೂಕ! ಅದೇ ಹುಡುಗ 48 ಹಲ್ಲಿನ ಸಾಮಾನ್ಯ ಸೈಕಲ್ ಹತ್ತಿದರೆ 1,200 ಮಾತ್ರ. ಚಕ್ರ ಚಿಕ್ಕದಾದಷ್ಟು ಎಳೆತ ಜಾಸ್ತಿ, ಚೈನನ್ನು ಹಿಡಿದಿರೋ ಹಲ್ಲುಗಳು ಕಮ್ಮಿ. 3,200ರ ಮೇಲೆ 0.6 ಡಿಗ್ರಿ ಓರೆ ಅಂದ್ರೆ ಪಕ್ಕಕ್ಕೆ 33 ನ್ಯೂಟನ್. ಪ್ರತಿ ಒದೆತಕ್ಕೂ ಯಾರೋ ಮೂರೂ ಕಾಲು ಕೆ.ಜಿ. ಭಾರದಿಂದ ಚೈನನ್ನು ಹಲ್ಲಿಂದ ಪಕ್ಕಕ್ಕೆ ತಳ್ಳಿದ ಹಾಗೆ. ನೆಗೆಯುವಾಗ ಇನ್ನೂ ಜಾಸ್ತಿ.

ಈ 4 ಮಿ.ಮೀ. ಎಲ್ಲಿಂದ ಬಂತು? 2.5 ನಮ್ಮದೇ ಕೊಡುಗೆ. ಪೆಡಲ್ ಅಚ್ಚಿನ ಬಲಗಡೆ 2.5 ಮಿ.ಮೀ. ಸ್ಪೇಸರ್ ಒಂದನ್ನು, ಚೀಲದಲ್ಲಿತ್ತು ಅನ್ನೋ ಒಂದೇ ಕಾರಣಕ್ಕೆ ಹಾಕಿದ್ವಿ. ತೆಗೆದಾಗ ಮುಂದಿನದು 46ಕ್ಕೆ ಬಂತು. ಉಳಿದ 1.5ಕ್ಕೆ ಹಿಂದಿನ ಹಲ್ಲುಚಕ್ರವನ್ನು ಬಿಚ್ಚಿ ಅದರ ಹಿಂದೆ ಅಷ್ಟೇ ದಪ್ಪದ ಸ್ಪೇಸರ್ ಹಾಕಿದ್ವಿ. ಇಲ್ಲಿ ಹುಷಾರು: ಆ ಎಳೆಗಳು ಇಂಚಿಗೆ 24, ಅಂದ್ರೆ 1.5 ಮಿ.ಮೀ. ಸ್ಪೇಸರ್ ಸುಮಾರು ಒಂದೂವರೆ ಎಳೆ ತಿಂದುಹಾಕುತ್ತೆ. ಇದಕ್ಕಿಂತ ಜಾಸ್ತಿ ಬೇಕಾಗಿದ್ದರೆ ನಾವು ಹಾಕ್ತಿರಲಿಲ್ಲ, ಅಚ್ಚನ್ನೇ ಬದಲಿಸ್ತಿದ್ವಿ. ಮುಂದಿನ ಚಕ್ರ ಒಳಗೆ ಬಂದಿದ್ದರಿಂದ ಫ್ರೇಮಿಗೆ ತಾಗುತ್ತಾ ಅಂತ ನೋಟ್‌ಬುಕ್ ರಟ್ಟು ತೂರಿಸಿ ನೋಡಿದ್ವಿ, ಜಾಗ ಇತ್ತು.

ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ಗೆಳೆಯ ವರ್ನಿಯರ್ ಈಸ್ಕೊಂಡು ತಾನೇ ಎರಡೂ ಕಡೆ ಅಳೆದ. 46, 46. ಆಮೇಲೆ ಅದೇ ಕಟ್ಟೆ ಬೇಡ ಅಂದು ಕ್ಯಾಂಟೀನ್ ಪಕ್ಕದ ಎರಡು ಮೆಟ್ಟಿಲು ಆರಿಸಿಕೊಂಡ. ಹತ್ತು ಸಲ ಹತ್ತಿದ, ಚೈನ್ ಹಾರಲಿಲ್ಲ. ಹನ್ನೊಂದನೇ ಸಲಕ್ಕೆ ಸೆಕ್ಯುರಿಟಿ ಅಂಕಲ್ ಬಂದ್ರು.