ಹಳೆಯ ಪ್ರವಚನದ ಕ್ಯಾಸೆಟ್ಟಿಗೆ ಯಾವ ಯಂತ್ರ?



ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಎಷ್ಟೋ ಮನೆಗಳ ಟ್ರಂಕುಗಳಲ್ಲಿ 1980-90ರ ದಶಕದ ಶ್ರಾವಣ ಪ್ರವಚನಗಳ ಕ್ಯಾಸೆಟ್ಟುಗಳು ಇನ್ನೂ ಇವೆ. ಅವನ್ನು ಒಂದೆಡೆ ಕೂಡಿಸಿ ಕಾಪಾಡಬೇಕೆಂಬವರು ಕ್ಯಾಸೆಟ್ಟಿನ ಚಿಂತೆಯನ್ನಷ್ಟೇ ಮಾಡುತ್ತಾರೆ, ಯಂತ್ರದ ಚಿಂತೆ ಮಾಡುವುದಿಲ್ಲ. ಅಟ್ಟದಿಂದ ಇಳಿಸಿದ ಟೇಪ್ ರೆಕಾರ್ಡರಿಗೆ, ಧೂಳು ಕೂಡ ಒರೆಸದೆ, ನಮ್ಮ ತಂದೆಯವರು ವಚನ ಹಾಡಿದ್ದ ಒಂದೇ ಒಂದು ಕ್ಯಾಸೆಟ್ ಹಾಕಿದವನು ನಾನು. ಟೇಪು ರಬ್ಬರ್ ಗಾಲಿಗೆ ಸುತ್ತಿಕೊಂಡು ಹರಿದುಹೋಯಿತು. ಆದುದರಿಂದ ಈ ಮಾತು.

ಈಗ ಹೊಸದಾಗಿ ಸಿಗುವ ಅಗ್ಗದ ಪ್ಲೇಯರುಗಳಲ್ಲಿ ವೇಗ ಏರುಪೇರಾಗುವುದು ಹೆಚ್ಚು. ಅದಕ್ಕಿಂತ 1990ರ ದಶಕದ ಒಂದು ಒಳ್ಳೆಯ ಡೆಕ್ ಹುಡುಕಿ ರಿಪೇರಿ ಮಾಡಿಸುವುದು ಲೇಸು. ಒಂದೇ ಕ್ಯಾಸೆಟ್ ಹಿಡಿಯುವ, ತಾನೇ ಮಗ್ಗುಲು ಬದಲಿಸದ ಡೆಕ್ ಆಗಲಿ. ಮಗ್ಗುಲು ಬದಲಿಸುವ ಯಂತ್ರಗಳಲ್ಲಿ ಹೆಡ್ಡಿನ ನೇರ ಬೇಗ ತಪ್ಪುತ್ತದೆ. ನೇರ ತಪ್ಪಿದರೆ ‘ಸ’, ‘ಶ’ ಅಕ್ಷರಗಳು ಮಂಕಾಗಿ, ಕಂಬಳಿಯೊಳಗಿಂದ ಮಾತಾಡಿದಂತೆ ಕೇಳುತ್ತವೆ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಇದನ್ನು ಸರಿಪಡಿಸಬಹುದು. ಬಲ್ಲವರ ಕೈಯಿಂದಲೇ ಮಾಡಿಸಿರಿ.

ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಒಳಗಿನ ರಬ್ಬರ್ ಪಟ್ಟಾ ಸಡಿಲಾದರೆ ಸ್ವರ ಎಳೆಯುತ್ತದೆ. ಹಿಟ್ಟಿನ ಗಿರಣಿಯ ಪಟ್ಟಾ ಜಾರಿದರೆ ಏನಾಗುವುದೆಂದು ನಿಮಗೆ ಹೇಳಬೇಕಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರದ ಪಟ್ಟಾ ಡಾಂಬರಿನಂತೆ ಕರಗಿರುವುದೂ ಉಂಟು. ಮೊದಲು ಅದನ್ನು ಬದಲಿಸಿರಿ. ಹೆಡ್ ಹಾಗೂ ಉಕ್ಕಿನ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೊಯ್ಸಿದ ಹತ್ತಿಯಿಂದ ಒರೆಸಬೇಕು; ಕಂದು ಮಣ್ಣು ಬರುವುದು ನಿಂತ ಮೇಲೆ ಸಾಕು. ರಬ್ಬರ್ ಗಾಲಿಗೆ ಮಾತ್ರ ಅದು ಬೇಡ, ರಬ್ಬರ್ ಒಣಗುತ್ತದೆ. ತುಸು ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಇನ್ನೊಂದು: ಕರೆಂಟು ಹೋದಾಗ ಪ್ಲೇ ಗುಂಡಿಯನ್ನು ಒತ್ತಿದಂತೆಯೇ ಬಿಡಬೇಡಿರಿ. ಉಕ್ಕಿನ ಕಡ್ಡಿಗೆ ಒತ್ತಿಕೊಂಡೇ ಇದ್ದ ಗಾಲಿಗೆ ತಗ್ಗು ಬೀಳುತ್ತದೆ, ಆಮೇಲೆ ದನಿ ನಡುಗುತ್ತದೆ.

ಸಿದ್ಧವಾದ ಯಂತ್ರಕ್ಕೆ ಮೊದಲು ಹೋದರೂ ಚಿಂತೆಯಿಲ್ಲದ ಹಾಡಿನ ಕ್ಯಾಸೆಟ್ ಹಾಕಿ ಅರ್ಧ ತಾಸು ನೋಡಿರಿ. 90 ನಿಮಿಷದ ಕ್ಯಾಸೆಟ್ಟಿನ ಟೇಪು 60ರದ್ದಕ್ಕಿಂತ ತೆಳು, 120ರದ್ದು ಇನ್ನೂ ತೆಳು. ಅವನ್ನು ಕೊನೆಗೆ ಇರಿಸಿಕೊಳ್ಳಿರಿ. ಬಿಳಿ ಬೂಷ್ಟು ಹಿಡಿದದ್ದನ್ನು ಯಂತ್ರಕ್ಕೆ ಹಾಕಲೇಬಾರದು, ಅದು ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಕಂಪ್ಯೂಟರಿಗೆ ಇಳಿಸುವಾಗ ಎಂಪಿ3 ಬೇಡ. 24 ಬಿಟ್, 96 ಕಿಲೋಹರ್ಟ್ಸಿನ ವೇವ್ ಫೈಲ್ ಆಗಿರಲಿ. ಮತ್ತೊಮ್ಮೆ ನುಡಿಸುವ ಪ್ರಸಂಗ ಬರಲಾರದು.

ಇಷ್ಟೆಲ್ಲಕ್ಕೂ ಮೊದಲು ಕ್ಯಾಸೆಟ್ಟಿನ ಹಿಂಬದಿಯ ಎರಡು ಸಣ್ಣ ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿರಿ. ಕೈತಪ್ಪಿ ಕೆಂಪು ಗುಂಡಿ ಒತ್ತಹೋದರೂ ಅದು ಒತ್ತುವುದಿಲ್ಲ.